ಸಮೀಕ್ಷೆಗೆ ನಿಜವನ್ನೇ ನುಡಿಯೋಣ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ನಮ್ಮ ಮನೆಗಳಿಗೆ ಆರೋಗ್ಯ ಸಮೀಕ್ಷೆಯವರು ಬಂದು ಮದ್ಯಪಾನದ ವಿಚಾರ ಕೇಳಿದರೆ, ಮಡದಿ ಮಕ್ಕಳೆದುರು ನಮ್ಮಲ್ಲಿ ಹಲವರು ‘ಇಲ್ಲ’ ಎನ್ನುವರು. ಕೆಲವರು ‘ಹಬ್ಬಕ್ಕೊಮ್ಮೆ’ ಎಂದು ನುಣುಚಿಕೊಳ್ಳುವರು.

ಈ ಸಂಕೋಚವನ್ನು ತಜ್ಞರು ಬಲ್ಲರು. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿಯಂತೆ, 10ರಿಂದ 75 ವರ್ಷದವರಲ್ಲಿ ಶೇ. 14.6ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಮಾದಕ ವಸ್ತು ಬಳಸುವವರು ಮನೆಬಾಗಿಲಲ್ಲಿ ಬಾಯಿಬಿಡಲಾರರೆಂದು, ಅವರ ಎಣಿಕೆಗೆ ಬೇರೊಂದು ವಿಧಾನವನ್ನೂ ಅಲ್ಲಿ ಅನುಸರಿಸಲಾಯಿತು.

ಸುಳ್ಳಾಡದಿದ್ದರೂ ಲೆಕ್ಕ ತಪ್ಪುವುದುಂಟು. ‘ಒಂದು ಕ್ವಾರ್ಟರ್’ ಎಂದರೆ 180 ಮಿಲಿ. ವೈದ್ಯರ ಲೆಕ್ಕದಲ್ಲಿ 30 ಮಿಲಿ ಬ್ರಾಂದಿಯೋ ವಿಸ್ಕಿಯೋ ಒಂದು ಅಳತೆ. ಹಾಗಾಗಿ ನಾವು ‘ಒಂದು’ ಎಂದದ್ದು ನಿಜದಲ್ಲಿ ಆರು! ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ 10 ಪ್ರಶ್ನೆಗಳ ಪರೀಕ್ಷೆ ಎಷ್ಟು ಸಲ, ಎಷ್ಟು ಅಳತೆ ಎಂದು ಬಿಡಿಸಿ ಕೇಳುತ್ತದೆ. ಅದರಲ್ಲಿ 8 ಅಥವಾ ಹೆಚ್ಚು ಅಂಕ ಬಂದರೆ ಅಪಾಯದ ಸೂಚನೆ.

ಸದ್ಭಕ್ತರೇ, ಬಚ್ಚಿಟ್ಟ ರೋಗಕ್ಕೆ ಮದ್ದಿಲ್ಲ. ಲೆಕ್ಕಕ್ಕೆ ಬಾರದ ಊರಿಗೆ ಚಿಕಿತ್ಸೆಯೂ ಬಾರದು. ಪ್ರಶ್ನೆ ಕೇಳುವಾಗ ಮನೆಯ ಉಳಿದವರು ಎದ್ದು ಹೋಗೋಣ. ಉತ್ತರಿಸುವವರು ಬಾಟಲಿಯ ಅಳತೆಯನ್ನೂ ಹೇಳೋಣ. ಬಹುಕಾಲದಿಂದ ನಿತ್ಯ ಕುಡಿಯುವವರು ಹಠಾತ್ತನೆ ಬಿಟ್ಟರೆ ಪ್ರಾಣಾಪಾಯವುಂಟು; ವೈದ್ಯರ ಆಸರೆಯಲ್ಲಿಯೇ ಬಿಡಲಿ.