ಹಟ್ಟಿ ಮತ್ತು ಪ್ರೌಢಶಾಲೆ: ಚಿತ್ರದುರ್ಗ ಸೀಮೆಯ ಕಲಿಕೆಯ ಸವಾಲುಗಳು

ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳ ಸ್ಥಿತಿಗತಿಯನ್ನು ಅರಿಯಲು ಎಸ್.ಎಸ್.ಎಲ್.ಸಿ. ಫಲಿತಾಂಶವೊಂದೇ ಸಾಲದು. 2023ರಲ್ಲಿ ಶೇ. 96.80ರಷ್ಟು ಫಲಿತಾಂಶ ಪಡೆದ ಈ ಜಿಲ್ಲೆ ರಾಜ್ಯದಲ್ಲಿಯೇ ಪ್ರಥಮ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಿತು. ಕೃಪಾಂಕವನ್ನು ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಚಿತ್ರದುರ್ಗವೂ ಪ್ರಥಮ ಸ್ಥಾನವನ್ನು ಕಳೆದುಕೊಂಡಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿಶಕ್ತಿ ಕುಗ್ಗಿರಲಾರದು. ಮೊದಲೇ ಇದ್ದ ಕೊರತೆ ಆಗ ಕಣ್ಣಿಗೆ ಬಿದ್ದಿತೆಂದು ಭಾವಿಸುವುದೇ ಸೂಕ್ತ.

ಆ ಕೊರತೆಯ ಬೇರುಗಳು ಶಾಲೆಯ ಆವರಣದಾಚೆಗೂ ಚಾಚಿವೆ. ಹೊಳಲ್ಕೆರೆ, ಹೊಸದುರ್ಗಗಳ ತೆಂಗು-ಅಡಿಕೆಯ ತೋಟಗಳು, ಹಿರಿಯೂರಿನಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರು ಮುಟ್ಟುವ ಊರುಗಳು ಒಂದೆಡೆ. ಮಳೆಯನ್ನೇ ನಂಬಿದ ಹಟ್ಟಿ, ತಾಂಡಾಗಳು ಇನ್ನೊಂದೆಡೆ. ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ಕುರಿಹಿಂಡಿನ ಹಿಂದೆಯೋ ದೂರದ ಕೂಲಿಗೋ ಹೊರಟರೆ ಮಕ್ಕಳ ಹಾಜರಿಯೂ ತಪ್ಪುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೆಯ ತರಗತಿಗೆ ಮುಗಿಯುವುದರಿಂದ, ಮಗು ಶಾಲೆ ಬಿಡುವ ಸಾಧ್ಯತೆ ಹೆಚ್ಚಿರುವ ಒಂಬತ್ತು, ಹತ್ತನೆಯ ತರಗತಿಗಳು ಅದರ ಹೊರಗುಳಿದಿವೆ.

ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಹಟ್ಟಿಯಿಂದ ಹೊರಗಿರಬೇಕೆಂಬ ಕಟ್ಟುಪಾಡು ಬಲವಾಗಿ ಬೇರೂರಿದೆ. ಅದು ಅವರನ್ನು ತಟ್ಟುವುದು ಪ್ರೌಢಶಾಲೆಯ ವಯಸ್ಸಿನಲ್ಲಿಯೇ. ತಿಂಗಳಿಗೆ ಮೂರು ದಿನ ಪಾಠ ತಪ್ಪಿದರೂ ಹತ್ತು ತಿಂಗಳ ಶಾಲಾ ವರ್ಷದಲ್ಲಿ ಮೂವತ್ತು ದಿನಗಳಾಗುತ್ತವೆ. ಒಂದು ಪಾಠದ ಮೇಲೆ ಇನ್ನೊಂದು ನಿಲ್ಲುವ ಗಣಿತದಲ್ಲಿ ಈ ನಷ್ಟ ತುಂಬಿ ಬರುವುದು ಕಷ್ಟ. ಸರ್ಕಾರ ಹಟ್ಟಿಗಳಲ್ಲಿ ಕಟ್ಟಿಸಿದ ಮಹಿಳಾ ಭವನಗಳು ಬಿಸಿಲು ಮಳೆಗಳಿಂದ ನೆರಳು ಕೊಟ್ಟಿವೆಯೇ ಹೊರತು ಹೊರಗಿಡುವ ಆಚಾರವನ್ನು ನಿಲ್ಲಿಸಿಲ್ಲ. ಸಂಪ್ರದಾಯದ ಹೆಸರಿನಲ್ಲಿ ಜಾನಪದ ಅಧ್ಯಯನವು ಇದನ್ನು ಸಮರ್ಥಿಸಲಾಗದು.

ಇದೇ ಸಮುದಾಯದ ಮತ್ತೊಂದು ಮುಖವೂ ಗಮನಾರ್ಹ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೆ ಅವರ ನೆನಪಿನ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿ ಗ್ರಂಥರೂಪಕ್ಕೆ ತಂದಿದ್ದಾರೆ. ಇಂತಹ ಕಂಠಸ್ಥ ಪರಂಪರೆಯ ಮನೆಗಳಿಂದ ಬಂದ ಮಗುವನ್ನು ಶಾಲೆ 'ದಡ್ಡ'ನೆಂದು ಕರೆಯುವುದು ವಿಪರ್ಯಾಸ. ಆ ಮಗುವಿಗೆ ಭಾಷೆ ಕಿವಿಯ ಮೂಲಕ ಒಲಿದಿರುತ್ತದೆ. ಪರೀಕ್ಷೆ ಕೇಳುವುದು ಬರಹವನ್ನು. ಮನೆಯಲ್ಲಿ ಲಂಬಾಣಿ ಮಾತನಾಡುವ ತಾಂಡಾದ ಮಕ್ಕಳಿಗೆ ಈ ದೂರ ಇನ್ನೂ ಹೆಚ್ಚು. ಗಟ್ಟಿಯಾಗಿ ಓದಿಸುವುದು, ಮಕ್ಕಳು ತಿಳಿದ ಕಥೆಯನ್ನು ಹೇಳಿಸಿ ಅದನ್ನೇ ಬರೆಸುವುದು ಮಾತಿನಿಂದ ಬರಹಕ್ಕೆ ದಾಟಿಸುವ ಸಹಜ ಕ್ರಮ. ಹತ್ತನೆಯ ತರಗತಿಯ ಕೊನೆಯ ಮೂರು ತಿಂಗಳ ವಿಶೇಷ ತರಗತಿಗಳು ಇದಕ್ಕೆ ಬದಲಿಯಾಗಲಾರವು.

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆ, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗಳ ವಿದ್ಯಾಸಂಸ್ಥೆಗಳು ಊಟ ವಸತಿಗಳನ್ನು ಪಾಠದೊಂದಿಗೆ ಜೋಡಿಸಿದ್ದು ಈ ಸೀಮೆಯದೇ ಅನುಭವ. ಹಟ್ಟಿಯ ಹೆಣ್ಣುಮಗುವಿಗೆ ಸಮೀಪದಲ್ಲಿಯೇ ವಿದ್ಯಾರ್ಥಿನಿಲಯ ದೊರೆತರೆ ತಪ್ಪುವ ದಿನಗಳು ಉಳಿಯುತ್ತವೆ. ಆದ್ದರಿಂದ ಶಾಲೆಯ ಪ್ರಗತಿಯನ್ನು ಅಳೆಯುವಾಗ ಉತ್ತೀರ್ಣರಾದವರ ಸಂಖ್ಯೆಯ ಜೊತೆಗೆ, ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಪರೀಕ್ಷಾ ಕೊಠಡಿಯವರೆಗೆ ಬಂದರೆಂಬುದನ್ನೂ ಎಣಿಸುವುದು ಅಗತ್ಯ.