ಹಗುರವಾದ ಫ್ಲೈವೀಲ್, ಹೊಸ ಕ್ಲಚ್ಚು

ಮೋಟಾರು ಕಾರಿನ ಎಂಜಿನ್ನಿನ ಬೆನ್ನಿಗೆ ದಪ್ಪನೆಯ ಕಬ್ಬಿಣದ ಚಕ್ರವೊಂದು ಇರುತ್ತದೆ. ಕ್ಲಚ್ಚು ಸವೆದು ಗೇರ್ ಬಾಕ್ಸನ್ನು ಇಳಿಸಿದ ದಿನವಲ್ಲದೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ದಿನ ಮನೆಯ ತರುಣನು, "ಹೇಗೂ ಬಿಚ್ಚಿದ್ದಾಗಿದೆ, ಈ ಭಾರದ ಚಕ್ರವನ್ನೂ ಹಗುರ ಮಾಡಿಸಿಬಿಡೋಣ, ಕಾರು ಬಾಣದಂತೆ ಓಡುತ್ತದೆ" ಎನ್ನುತ್ತಾನೆ. ನಮ್ಮ ಜಿಲ್ಲೆಯಲ್ಲಿ ಈ ಮಾತು ಅಪರೂಪವಲ್ಲ. 2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಒಂದು ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದು, ಆ ವರ್ಷದ ಪಟ್ಟ ನಮ್ಮ ದೇಶದ ಗೌರವ್ ಗಿಲ್ ಅವರಿಗೆ ದಕ್ಕಿತು. ಅದನ್ನು ಕಂಡ ಹುಡುಗರಿಗೆ ತಮ್ಮ ಕಾರೂ ಹಾಗೆಯೇ ಚಿಮ್ಮಬೇಕೆಂಬ ಆಸೆ ಹುಟ್ಟಿದರೆ ಆಶ್ಚರ್ಯವೇನು? ಆದರೆ ಹಣ ಕೊಡಬೇಕಾದವರು ನೀವು. ಆ ಕಾರಿನಲ್ಲಿ ಕುಳಿತು ಘಾಟಿ ಹತ್ತಬೇಕಾದವರೂ ನೀವೇ. ಆದ್ದರಿಂದ ಈ ಚಕ್ರದ ಕೆಲಸವೇನೆಂಬುದನ್ನು ತಿಳಿದುಕೊಂಡಿರುವುದು ಲೇಸು.

ಪುಸ್ತಕದಲ್ಲಿ ಇದಕ್ಕೆ ಗತಿಪಾಲಕ ಚಕ್ರವೆಂದು ಹೆಸರು. ಹೆಸರೇನೋ ಅರ್ಥವತ್ತಾಗಿದೆ, ಆದರೆ ಗ್ಯಾರೇಜಿನಲ್ಲಿ ಹಾಗೆಂದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಅದು ಫ್ಲೈವೀಲ್. ಕುಂಬಾರನ ತಿಗರಿಯನ್ನು ನೀವು ನೋಡಿರುತ್ತೀರಿ. ಕೋಲಿನಿಂದ ಅದನ್ನು ಜೋರಾಗಿ ತಿರುಗಿಸಿ, ಕೋಲನ್ನು ಬದಿಗಿಟ್ಟು, ಅದು ತಾನಾಗಿ ತಿರುಗುತ್ತಿರುವಷ್ಟು ಹೊತ್ತಿನಲ್ಲಿ ಅವನು ಮಡಕೆಯನ್ನು ಎತ್ತುತ್ತಾನೆ. ಕೋಲಿನ ಬಲವನ್ನು ತಿಗರಿಯ ಭಾರವು ಕೂಡಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಕೊಡುತ್ತದೆ. ಎಂಜಿನ್ನಿನಲ್ಲಿಯೂ ಹೀಗೆಯೇ. ಒಂದೊಂದು ಸಿಲಿಂಡರೂ ನಾಲ್ಕು ಹೊಡೆತಗಳಲ್ಲಿ ಒಂದರಲ್ಲಿ ಮಾತ್ರ ದುಡಿಯುತ್ತದೆ; ಉಳಿದ ಮೂರು ಗಾಳಿ ಎಳೆದುಕೊಳ್ಳಲು, ಅದನ್ನು ಒತ್ತಲು, ಹೊಗೆಯನ್ನು ಹೊರದೂಡಲು. ದುಡಿದ ಹೊಡೆತದ ಬಲವನ್ನು ಉಳಿದವುಗಳಿಗೆ ಹಂಚಿ, ಎಂಜಿನ್ ಕುಂಟದಂತೆ ನೋಡಿಕೊಳ್ಳುವುದು ಫ್ಲೈವೀಲಿನ ಧರ್ಮ.

ಕ್ಲಚ್ಚು ಇದಕ್ಕೆ ಅಂಟಿಕೊಂಡೇ ಇರುತ್ತದೆ. ಫ್ಲೈವೀಲಿನ ನುಣುಪಾದ ಮುಖಕ್ಕೂ ಪ್ರೆಷರ್ ಪ್ಲೇಟಿಗೂ ನಡುವೆ, ಎರಡು ಮುಖಗಳಲ್ಲಿಯೂ ಉಜ್ಜುವಸ್ತುವನ್ನು ಹೊದಿಸಿದ ಒಂದು ತಟ್ಟೆ. ಅದೇ ಕ್ಲಚ್ ಪ್ಲೇಟು. ಪೆಡಲನ್ನು ತುಳಿದರೆ ಹಿಡಿತ ಸಡಿಲಿ ತಟ್ಟೆ ಬಿಡಿಯಾಗುತ್ತದೆ. ಕಾಲೆತ್ತಿದರೆ ಮೊದಲು ಜಾರುತ್ತ, ಬಳಿಕ ಗಟ್ಟಿಯಾಗಿ ಹಿಡಿದು ಗಾಲಿಗಳಿಗೆ ಬಲ ಮುಟ್ಟಿಸುತ್ತದೆ. ಏರಿನಲ್ಲಿ ಎಂಜಿನ್ನಿನ ಕೂಗು ಏರಿದರೂ ಕಾರಿನ ವೇಗ ಏರದೆ, ಸುಟ್ಟ ವಾಸನೆ ಬಂದರೆ ತಟ್ಟೆ ಸವೆದಿದೆ ಎಂದು ತಿಳಿಯಿರಿ.

ಇನ್ನು ಹಗುರ ಮಾಡುವುದರಿಂದ ಬರುವ ಲಾಭ. ಎಂಜಿನ್ನಿನ ಶಕ್ತಿ ಇದರಿಂದ ಎಳ್ಳಷ್ಟೂ ಹೆಚ್ಚುವುದಿಲ್ಲ. ಚಕ್ರವನ್ನು ತಿರುಗಿಸುವುದಕ್ಕೆ ವ್ಯಯವಾಗುತ್ತಿದ್ದ ಶಕ್ತಿ ಕಾರನ್ನು ತಳ್ಳಲು ಒದಗುತ್ತದೆ, ಅಷ್ಟೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: 8 ಕಿಲೋ ಚಕ್ರದ ಅಂಚಿನ ಕಡೆಯಿಂದ, ಅಂದರೆ ನಡುವಿನಿಂದ 12 ಸೆಂಟಿಮೀಟರ್ ದೂರದಲ್ಲಿ, 3 ಕಿಲೋ ಲೋಹ ತೆಗೆದಿರಿ. ಗಾಲಿಯ ತ್ರಿಜ್ಯ 28 ಸೆಂಟಿಮೀಟರ್. ಮೊದಲನೆಯ ಗೇರಿನಲ್ಲಿ ಗಾಲಿ ಒಂದು ಸುತ್ತು ತಿರುಗಲು ಎಂಜಿನ್ 14 ಸುತ್ತು ತಿರುಗುವುದಾದರೆ, ಕಾರಿನ ಭಾರ ಸುಮಾರು 108 ಕಿಲೋ ಇಳಿದಷ್ಟು ಚುರುಕು ಬರುತ್ತದೆ. ಇಬ್ಬರು ಕಾರಿನಿಂದ ಇಳಿದುಹೋದಂತೆ! ಆದರೆ ಕೊನೆಯ ಗೇರಿನಲ್ಲಿ ಎಂಜಿನ್ ತಿರುಗುವುದು 4 ಸುತ್ತು ಮಾತ್ರ; ಅಲ್ಲಿ ಉಳಿಯುವ ಲಾಭ 9 ಕಿಲೋಗಿಂತ ಕಡಿಮೆ. ಕಡೂರಿನ ಸಂತೆಯಲ್ಲಿ ಕೊಂಡ ಹದಿನೈದು ತೆಂಗಿನಕಾಯಿಯನ್ನು ಕಾರಿನಿಂದ ಕೆಳಗಿಟ್ಟರೂ ಅಷ್ಟೇ ಆಗುತ್ತದೆ. ಅದೇ 3 ಕಿಲೋವನ್ನು ನಡುವಿನಿಂದ 6 ಸೆಂಟಿಮೀಟರ್ ದೂರದಲ್ಲಿ ತೆಗೆದರೆ ಲಾಭ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಹೀಗಾಗಿ "ಎಷ್ಟು ಕಿಲೋ ತೆಗೆದಿರಿ?" ಎಂದು ಮಾತ್ರ ಕೇಳಿದರೆ ಸಾಲದು, "ಎಲ್ಲಿಂದ ತೆಗೆದಿರಿ?" ಎಂದೂ ಕೇಳಬೇಕು.

ಕಾರಿನ ಮೈಯೇ ಹಗುರವಾಗಿದ್ದರೆ ಮಾತು ಬೇರೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ತಯಾರಿಸಿದ ಡಾಲ್ಫಿನ್ ಕಾರಿಗೆ ನಾರುಗಾಜಿನ ಮೈ, 848 ಸಿ.ಸಿ.ಯ ಪುಟ್ಟ ಎಂಜಿನ್. ಆದರೂ ರ‍್ಯಾಲಿಗಳಲ್ಲಿ ಅದು ಹೆಸರು ಮಾಡಿತು. ಮೈಭಾರ ಕಡಿಮೆಯಾದರೆ ಅದರ ಫಲ ಎಲ್ಲ ಗೇರಿನಲ್ಲಿಯೂ ದೊರೆಯುತ್ತದೆ. ಬ್ರೇಕಿಗೂ ಅದು ಸಹಾಯವೇ. ಫ್ಲೈವೀಲಿನ ಉಳಿತಾಯಕ್ಕೆ ಈ ಗುಣವಿಲ್ಲ.

ಕಳೆದುಕೊಳ್ಳುವುದೇನು? ಕಡೂರು, ಬೀರೂರು, ಅಜ್ಜಂಪುರದ ಬಯಲು ದಾರಿಯಲ್ಲಿ ಓಡಾಡುವಾಗ ಹೆಚ್ಚೇನೂ ತಿಳಿಯುವುದಿಲ್ಲ. ನಿಂತಾಗ ಎಂಜಿನ್ ತುಸು ನಡುಗೀತು. ತರೀಕೆರೆಯಿಂದ ಲಿಂಗದಹಳ್ಳಿಯನ್ನು ದಾಟಿ ಕೆಮ್ಮಣ್ಣುಗುಂಡಿಯ ಘಾಟಿಗೆ ಬನ್ನಿ. ಕಡಿದಾದ ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ನೀವು ನಿಂತಿರಿ. ಒಳಗೆ ನಾಲ್ಕು ಜನ, ಹಿಂದೆ ಇಳಿಜಾರು. ಭಾರದ ಚಕ್ರವಾದರೆ ತಾನು ಕೂಡಿಟ್ಟಿದ್ದ ಬಲವನ್ನು ಕೊಟ್ಟು ಕಾರನ್ನು ಮೆಲ್ಲನೆ ಎತ್ತುತ್ತದೆ. ಹಗುರದ ಚಕ್ರದಲ್ಲಿ ಕೊಡಲು ಅಷ್ಟು ಗಂಟಿಲ್ಲ. ಎಂಜಿನ್ ತಟ್ಟನೆ ನಿಂತುಬಿಡುತ್ತದೆ. ನಿಲ್ಲಬಾರದೆಂದು ಜೋರಾಗಿ ಓಡಿಸಿ ಕ್ಲಚ್ಚನ್ನು ಜಾರಿಸಿದರೆ ಹೊಸ ತಟ್ಟೆ ಸುಡುತ್ತದೆ. ಸ್ಪರ್ಧೆಯ ಚಾಲಕನು ಎಂಜಿನ್ನನ್ನು ಸದಾ ಮೇಲಿನ ವೇಗದಲ್ಲಿಯೇ ಇಟ್ಟಿರುತ್ತಾನೆ, ಅವನಿಗೆ ಇದು ಬಾಧಕವಲ್ಲ. ಅಜ್ಜಂಪುರದ ಸೀಮೆಯವರು ಬಲ್ಲ ಅಮೃತಮಹಲ್ ಎತ್ತು ವೇಗಕ್ಕೂ ತಾಳ್ಮೆಗೂ ಏಕಕಾಲಕ್ಕೆ ಹೆಸರಾದದ್ದು, ಮೈಸೂರಿನ ಸೈನ್ಯದ ಫಿರಂಗಿಗಳನ್ನು ಎಳೆದದ್ದು. ಯಂತ್ರದಲ್ಲಿ ಆ ಎರಡೂ ಒಂದೇ ಚಕ್ರದಿಂದ ದೊರೆಯುವುದಿಲ್ಲ.

ಇದಕ್ಕಿಂತ ಗುರುತರವಾದ ವಿಷಯ ಇನ್ನೊಂದಿದೆ. ಹಳೆಯ ಕಾರುಗಳ ಫ್ಲೈವೀಲ್ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ ಭದ್ರಾವತಿಯ ನೆರೆಯವರು ನಾವು, ಕೆಮ್ಮಣ್ಣುಗುಂಡಿಯ ಅದಿರನ್ನು ಅಲ್ಲಿಗೆ ಕಳುಹಿಸಿದವರು. ಎರಕದ ಕಬ್ಬಿಣಕ್ಕೂ ಉಕ್ಕಿಗೂ ಇರುವ ಭೇದವನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಎರಕದ ಕಬ್ಬಿಣ ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ತಿರುಗುವ ಚಕ್ರವಾದರೋ ತನ್ನನ್ನು ತಾನೇ ಹೊರಕ್ಕೆ ಎಳೆದುಕೊಳ್ಳುತ್ತಿರುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಇರುವ ಎಳೆತ 6000 ಸುತ್ತಿನಲ್ಲಿ ಇಮ್ಮಡಿಯಲ್ಲ, ನಾಲ್ಮಡಿ. ಹಳೆಯ ಚಕ್ರವನ್ನು ಲೇತಿಗೆ ಕೊಟ್ಟು, ಕಂಡಕಂಡಲ್ಲಿ ಕೆರೆಸಿ ತೂತು ಹೊಡೆಸಿದರೆ ಅದು ಒಡೆದು ಚೂರುಗಳು ಗುಂಡಿನಂತೆ ಸಿಡಿಯಬಹುದು. ಅವು ಹಾರುವುದು ಚಾಲಕನ ಕಾಲಿನ ಪಕ್ಕದಲ್ಲಿ. ಹಗುರವೇ ಬೇಕೆಂದಾದರೆ ಆ ಎಂಜಿನ್ನಿಗೆಂದೇ ತಯಾರಾದ ಉಕ್ಕಿನ ಚಕ್ರವನ್ನು ಕೊಳ್ಳಿ, ಇಲ್ಲವೆ ಉಜ್ಜುವ ಮುಖಕ್ಕೆ ಉಕ್ಕನ್ನು ಹೊದಿಸಿದ ಅಲ್ಯೂಮಿನಿಯಂ ಚಕ್ರವನ್ನು ಕೊಳ್ಳಿ. ಅದನ್ನೂ ಪ್ರೆಷರ್ ಪ್ಲೇಟಿನೊಡನೆ ಸಮತೂಕ ಮಾಡಿಸಿಯೇ ಕೂರಿಸಬೇಕು. ಅಷ್ಟು ಹಣವಿಲ್ಲದಿದ್ದರೆ ಹಳೆಯ ಚಕ್ರದ ಮುಖವನ್ನು ಸಮ ಮಾಡಿಸಿ ಹೊಸ ಕ್ಲಚ್ಚನ್ನಷ್ಟೇ ಹಾಕಿಸಿ. ಕಾರು ಸ್ಪರ್ಧೆಗೆ ಹೋಗದೆ ಮನೆಯವರನ್ನು ಹೊತ್ತು ತಿರುಗುವುದಾದರೆ ನನ್ನ ಮತ ಇದೇ.

ಕೂರಿಸುವಾಗ ನೀವು ಹತ್ತಿರವಿದ್ದರೆ ಒಳ್ಳೆಯದು. ಹಳೆಯ ತಟ್ಟೆಗಳ ಹೊದಿಕೆಯಲ್ಲಿ ಕಲ್ನಾರು ಇರುತ್ತಿದ್ದುದರಿಂದ ಆ ಧೂಳನ್ನು ಗಾಳಿಯಿಂದ ಊದಿಸಬೇಡಿ. ಪುಪ್ಪುಸಕ್ಕೆ ಅದು ವಿಷ. ಒದ್ದೆ ಬಟ್ಟೆಯಿಂದ ಒರೆಸಲಿ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಜಿನುಗುತ್ತಿದ್ದರೆ ಆಗಲೇ ಬದಲಾಯಿಸಬೇಕು, ಏಕೆಂದರೆ ಎಣ್ಣೆ ತಗುಲಿದ ತಟ್ಟೆ ಹಿಡಿಯುವುದಿಲ್ಲ. ರಿಲೀಸ್ ಬೇರಿಂಗಿನ ಬೆಲೆ ಅಲ್ಪ, ಅದಕ್ಕಾಗಿ ಮತ್ತೆ ಗೇರ್ ಬಾಕ್ಸ್ ಇಳಿಸುವ ಕೂಲಿ ಬಹಳ. ಅದೂ ಹೊಸದೇ ಇರಲಿ. ತಟ್ಟೆಯ ಯಾವ ಮುಖ ಫ್ಲೈವೀಲಿನ ಕಡೆಗೆ ಎಂಬುದನ್ನು ಅದರ ಮೇಲೆಯೇ ಬರೆದಿರುತ್ತದೆ. ತಟ್ಟೆಯನ್ನು ಸರಿಯಾಗಿ ನಡುವಿಗೆ ನಿಲ್ಲಿಸದಿದ್ದರೆ ಗೇರ್ ಬಾಕ್ಸಿನ ಶಾಫ್ಟು ಒಳಹೋಗದು. ಇದಕ್ಕೆ ಬೇರೆಯೇ ಒಂದು ದಂಡವಿದೆ, ಹಳೆಯ ಶಾಫ್ಟೂ ಆದೀತು. ಫ್ಲೈವೀಲಿನ ಬೋಲ್ಟುಗಳು ಹೊಸವಾಗಿರಲಿ. ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ, ಬಿಗಿತ ಅಳೆಯುವ ಸ್ಪ್ಯಾನರಿನಿಂದ, ತಯಾರಕರು ಹೇಳಿದಷ್ಟೇ ಬಿಗಿಯಬೇಕು. ತೋಳಿನ ಅಂದಾಜು ಇಲ್ಲಿ ನಡೆಯುವುದಿಲ್ಲ.

ಮೊದಲ ಕೆಲವು ನೂರು ಕಿಲೋಮೀಟರು ಹೊಸ ತಟ್ಟೆಯನ್ನು ಜಾರಿಸದೆ, ಭಾರ ಹೇರದೆ, ಕಡೂರು-ಬೀರೂರಿನಂಥ ಸಪಾಟು ದಾರಿಯಲ್ಲಿ ಓಡಿಸಿ. ಕೆಮ್ಮಣ್ಣುಗುಂಡಿಗೆ ಆಮೇಲೆ ಹೋಗಬಹುದು.