ಮೇಳದ ಯಂತ್ರಕ್ಕೆ ಮೊದಲ ಗಿರಾಕಿ

ಅಡಿಕೆ ತೋಟದ ಹೊಸ ಯಂತ್ರಕ್ಕೆ ಮೇಳದಲ್ಲಿ ನೋಡುಗರು ಬೇಕಾದಷ್ಟು, ಸಿಗದವನು ಮೊದಲ ಗಿರಾಕಿ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ, ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನ ಜೊತೆಗೂಡಿ ನಡೆಸುವ ಕೃಷಿ ಯಂತ್ರ ಮೇಳ ಒಳ್ಳೆಯ ಕೆಲಸವೇ. ಆದರೆ ಸ್ಟಾರ್ಟಪ್ ಕಟ್ಟಿದ ಹುಡುಗರಿಗೆ ಶಾಲು, ಸ್ಮರಣಿಕೆಗಿಂತ ಮೊದಲು ಬೇಕಾದದ್ದು ಖರೀದಿಯ ಆದೇಶ. ಹಳೆಯ ಸಂಸ್ಥೆ ಹೊಸ ಉದ್ಯಮದ ಕೈಹಿಡಿಯುವ ಯೋಜನೆ ಅಲ್ಲಿಂದಲೇ ಶುರುವಾಗಬೇಕು. ಇದಕ್ಕೆ ಸಾಕ್ಷಿ ಪುತ್ತೂರಿನ ಕೆಮ್ಮಿಂಜೆಯಲ್ಲಿದೆ. ಅಡಿಕೆಯ ನಡುವೆ ಕೊಕ್ಕೊ ನೆಡಿಸಿದ್ದ ಖಾಸಗಿ ಕಂಪನಿಗಳು 1980ರ ಹೊತ್ತಿಗೆ ಬೆಲೆ ಕುಸಿದಾಗ ಕೈಬಿಟ್ಟವು. 1973ರಲ್ಲಿ ಅಡಿಕೆಗಾಗಿಯೇ ಹುಟ್ಟಿದ ಕ್ಯಾಂಪ್ಕೋ ಆಗ ಕೊಕ್ಕೊ ಕೊಳ್ಳತೊಡಗಿತು. ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದು 1986ರಲ್ಲಿ. ಮೊದಲು ಖರೀದಿ, ಆಮೇಲೆ ಕಾರ್ಖಾನೆ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ ಕತೆಯಲ್ಲೂ ಬರೀ ದೋಟಿ ಸಾಲಲಿಲ್ಲ. ನೆಲದಲ್ಲೇ ನಿಂತು ಕೊನೆ ಕೊಯ್ಯುವುದಕ್ಕೆ, ಮದ್ದು ಬಿಡುವುದಕ್ಕೆ ತರಬೇತಿ ಶಿಬಿರಗಳನ್ನೂ ನಡೆಸಬೇಕಾಯಿತು. ಶಿಬಿರಗಳಿಗೆ ಜನರನ್ನು ಒಟ್ಟುಗೂಡಿಸುವ ಶಕ್ತಿ ನಾಲ್ಕು ಜನರ ಉದ್ಯಮಕ್ಕೆ ಎಲ್ಲಿಂದ ಬರಬೇಕು?

ಸಹಕಾರಿಯ ದುಡ್ಡು ಬೆಳೆಗಾರರ ದುಡ್ಡು, ಅದರಲ್ಲಿ ಪ್ರಯೋಗ ಮಾಡಬಾರದು ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಸ್ಟಾರ್ಟಪ್‌ನಲ್ಲಿ ಬಂಡವಾಳ ಹೂಡಬೇಕಾಗಿಲ್ಲ. ಹತ್ತು ಯಂತ್ರ ಕೊಂಡು ಸುಳ್ಯ, ಕಡಬದ ಇಳಿಜಾರು ತೋಟಗಳಲ್ಲಿ ಒಂದು ಮಳೆಗಾಲ ದುಡಿಸಿದರೆ ಸಾಕು. ಸೋತರೆ ನಷ್ಟಕ್ಕೆ ಮಿತಿಯಿದೆ. ಕೊಳೆರೋಗದ ಮದ್ದು ಹೊತ್ತಿಗೆ ಬಿಡಲಾಗದೆ ಉದುರುವ ಫಸಲಿಗೆ ಅಂಥ ಮಿತಿಯಿಲ್ಲ. ದೊಡ್ಡವರು ಸಣ್ಣವರನ್ನು ನುಂಗುತ್ತಾರೆ ಎನ್ನುವ ಭಯಕ್ಕೆ ಕರಾರಿನಲ್ಲೇ ಉತ್ತರವಿರಬೇಕು: ವಿನ್ಯಾಸದ ಹಕ್ಕು ತಯಾರಿಸಿದವರದು, ಸಂಸ್ಥೆಗೆ ಒಂದೆರಡು ವರ್ಷ ಖರೀದಿಯಲ್ಲಿ ಮೊದಲ ಆದ್ಯತೆ. ಹಣವನ್ನೂ ಹಂತಹಂತವಾಗಿ ಕೊಡಲಿ, ಆದರೆ ತಡಮಾಡದೆ. ಬಿಲ್ಲು ಆರು ತಿಂಗಳು ಮೇಜಿನ ಮೇಲೆ ಮಲಗಿದರೆ ಸಣ್ಣ ಉದ್ಯಮ ಅಷ್ಟರಲ್ಲಿ ಬಾಗಿಲು ಹಾಕಿರುತ್ತದೆ.

ಎಲ್ಲ ಕಷ್ಟಕ್ಕೂ ಸ್ಟಾರ್ಟಪ್ ಮದ್ದಲ್ಲ. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಬರಿದು ಮಾಡಿದ ಹಳದಿ ಎಲೆ ರೋಗಕ್ಕೆ ದೀರ್ಘ ಸಂಶೋಧನೆಯೇ ಬೇಕು. ಅದು ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ವಿಟ್ಲ ಕೇಂದ್ರದಂಥವುಗಳ ಕೆಲಸ. ಸಿಂಪಡಣೆ, ಸುಲಿಯುವುದು, ಮೋಡದ ದಿನಗಳಲ್ಲಿ ಅಡಿಕೆ ಒಣಗಿಸುವುದು, ಇವಕ್ಕೆ ಮಾತ್ರ ಎಂಜಿನಿಯರಿಂಗ್ ಹುಡುಗರನ್ನು ಕರೆಯಬಹುದು. ಕರೆಯುವಾಗ ತೋಟದ ಪಂಚಾಂಗ ನೋಡಬೇಕು. ಮೇ ಕೊನೆಯ ಮೊದಲ ಮದ್ದಿಗೆ ಯಂತ್ರ ಸಿದ್ಧವಾಗಬೇಕಾದರೆ, ಬೇಕಾದದ್ದೇನು ಎಂಬ ಪಟ್ಟಿ ಹಿಂದಿನ ದೀಪಾವಳಿಗೇ ಹೊರಬಿದ್ದಿರಬೇಕು.